ಕೂಡಿ ಬರೆಯುವ ತಂತ್ರಾಂಶ

ಗಾಂಧಿ ಬಜಾರಿನ ಕಾಫಿ ಹೋಟೆಲುಗಳಲ್ಲಿ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಒಂದೇ ಗಣಕದ ಮುಂದೆ ಕುಳಿತು ವಾದಿಸುತ್ತಿರುವುದನ್ನು ತಾವು ನೋಡಿರಬಹುದು. ಎಂಜಿನಿಯರಿಂಗ್ ಓದುವ ಮಕ್ಕಳು ತಂತ್ರಾಂಶವನ್ನು ತಂಡವಾಗಿಯೇ ರಚಿಸಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆ ನಮಗೆ ಗೊತ್ತೇ ಇದೆ. ಆದರೆ ತಂಡವಿರುವುದು ಹೊರೆ ಹಂಚಿಕೊಳ್ಳುವುದಕ್ಕೆ ಮಾತ್ರವೆ? ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣಲಿ ಎಂಬುದಕ್ಕೂ ಹೌದು.

ನನ್ನ ಹಳೆಯ ಶಿಷ್ಯೆಯೊಬ್ಬಳ ಅನುಭವ ಕೇಳಿ. ಅವಳ ತಂಡದ ನಾಲ್ವರು ಒಂದು ವಾಚನಾಲಯಕ್ಕಾಗಿ ಸದಸ್ಯರ ಪಟ್ಟಿಯ ತಂತ್ರಾಂಶ ಸಿದ್ಧಪಡಿಸಿದರು. ಇವಳು ಕನ್ನಡ ಮಾಧ್ಯಮದಿಂದ ಬಂದವಳೆಂದು ವರದಿ ಬರೆಯುವ ಕೆಲಸವನ್ನಷ್ಟೇ ಕೊಟ್ಟರು. ಆರಕ್ಷರದ ಹೆಸರಿಗೆ 12 ಸ್ಥಾನ ಧಾರಾಳವೆಂದು ಉಳಿದವರು ಎಣಿಸಿದ್ದರು. ಪರೀಕ್ಷಕರ ಎದುರಿನಲ್ಲಿ ‘ಶ್ರೀನಿವಾಸಮೂರ್ತಿ’ ಎಂದು ಒತ್ತಿದರೆ ತೆರೆಯ ಮೇಲೆ ಮೂಡಿದ್ದು ‘ಶ್ರೀನಿವಾಸಮೂರ’!

ಕಾರಣ ಸರಳ. ಯುನಿಕೋಡ್ ಪದ್ಧತಿಯಲ್ಲಿ ಗಣಕವು ವ್ಯಂಜನ, ಹಲಂತದ ಗುರುತು, ಸ್ವರದ ಗುರುತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಗಣಕಕ್ಕೆ ಆರು ಗುರುತು. ಶ್ರೀನಿವಾಸಮೂರ್ತಿಗೆ ಬೇಕಾದದ್ದು 15 ಸ್ಥಾನ. ಒತ್ತಕ್ಷರ, ಕಾಗುಣಿತಗಳನ್ನು ಚೆನ್ನಾಗಿ ಬಲ್ಲ ಹುಡುಗಿಗೆ ಇದು ಮೊದಲೇ ಹೊಳೆದಿತ್ತು. “ಯಾಕಮ್ಮ ಹೇಳಲಿಲ್ಲ?” ಎಂದೆ. “ಯಾರೂ ಕೇಳಲಿಲ್ಲ ಸಾರ್” ಎಂದಳು.

2017ರಲ್ಲಿ ಆರಂಭವಾದ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಎಂಬ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆರು ಮಂದಿಯ ತಂಡದಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಬೇಕೆಂಬ ನಿಯಮವುಂಟು. ನಿಯಮ ಒಳ್ಳೆಯದೇ. ಆದರೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡ ಮಾತ್ರಕ್ಕೆ ಅವಳ ಮಾತನ್ನು ಕೇಳಿದಂತಾಗದು.

ಹಾಗಾದರೆ ಉಪಾಯವೇನು? ಬರೆಯುವುದು, ಪರೀಕ್ಷಿಸುವುದು, ವರದಿ ಮಾಡುವುದು, ಈ ಕೆಲಸಗಳು ಸರದಿಯ ಮೇಲೆ ಎಲ್ಲರ ಕೈಗೂ ಬರಬೇಕು. ಒಬ್ಬರು ಬರೆದ ಭಾಗವನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದನ್ನು ಒಟ್ಟಿಗೆ ಸೇರಿಸಬೇಕು. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ರಚಿಸಿದ ‘ಗಿಟ್’ ಎಂಬ ಸಾಧನ ಇದಕ್ಕೆ ನೆರವಾಗುತ್ತದೆ. ಯಾರು, ಯಾವಾಗ, ಯಾವ ಸಾಲು ತಿದ್ದಿದರೆಂಬುದನ್ನು ಅದು ಕಡತದಂತೆ ಕಾದಿಡುತ್ತದೆ. ಆದರೆ ಬಾಯಿಬಿಡಲು ಅಂಜಿದವರ ಮನಸ್ಸಿನಲ್ಲಿರುವುದು ಯಾವ ಕಡತದಲ್ಲಿಯೂ ಸಿಕ್ಕದು. ಆದ್ದರಿಂದ ಸಭೆ ಸೇರಿದಾಗ ಮೊದಲ ಮಾತು ಮೌನವಾಗಿರುವವರದಾಗಲಿ.

ತಮ್ಮ ಮನೆಯಲ್ಲಿಯೂ ಇಂತಹ ವಿದ್ಯಾರ್ಥಿ ಇದ್ದರೆ, “ಕೆಲಸ ಎಲ್ಲಿಗೆ ಬಂತು?” ಎಂದಷ್ಟೇ ವಿಚಾರಿಸಿ ಸುಮ್ಮನಾಗಬೇಡಿ. “ನಿಮ್ಮ ತಂಡದಲ್ಲಿ ಇಂದು ಮಾತನಾಡದೆ ಕುಳಿತವರು ಯಾರು?” ಎಂದೂ ಕೇಳಿ ನೋಡಿ.