ಸಂತೆಯ ಮಾತನ್ನು ರಂಗಕ್ಕೇರಿಸಿದ ಮಿಸ್ ಲೂ

1930ರ ದಶಕ, ಜಮೈಕಾದ ಕಿಂಗ್‌ಸ್ಟನ್ ನಗರ. ಹದಿನಾಲ್ಕರ ಹುಡುಗಿಯೊಬ್ಬಳು ಚೆಂದವಾಗಿ ಸಿಂಗರಿಸಿಕೊಂಡು ಟ್ರ್ಯಾಮ್ ಹತ್ತಿದಳು. ಹಿಂಬದಿಯ ಸೀಟುಗಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರು ಸಂತೆಯ ಹೆಂಗಸರು. ಇವಳು ತಮ್ಮತ್ತ ಬರುವುದನ್ನು ಕಂಡ ಒಬ್ಬಾಕೆ, ಜಾಗ ಸಿಗದಂತೆ ಅಗಲವಾಗಿ ಕೂರಲು ಗೆಳತಿಗೆ ಕೂಗಿ ಹೇಳಿದಳು. ಆ ಮಾತಿನ ಲಯ ಹುಡುಗಿಯ ಕಿವಿಯಲ್ಲಿ ನಿಂತುಬಿಟ್ಟಿತು. ಅದನ್ನೇ ಹಿಡಿದು ಪದ್ಯ ಕಟ್ಟಿದಳು.

ಅವಳೇ ಲೂಯಿಸ್ ಬೆನೆಟ್, ಜಮೈಕಾದ ಜನರ ಅಕ್ಕರೆಯ ‘ಮಿಸ್ ಲೂ’. ಹುಟ್ಟಿದ್ದು 1919ರ ಸೆಪ್ಟೆಂಬರ್ 7ರಂದು. ಬೇಕರಿಯ ಕಸುಬಿನ ತಂದೆ ಬೇಗ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ಮಗಳನ್ನು ಬೆಳೆಸಿದರು. ಅಳತೆ ಕೊಡಲು ಮೀನು ಮಾರುವವರೂ ಬರುತ್ತಿದ್ದರು, ಶಾಲೆಯ ಟೀಚರೂ ಬರುತ್ತಿದ್ದರು. ಎಲ್ಲರಿಗೂ ಆ ಮನೆಯಲ್ಲಿ ಒಂದೇ ಮರ್ಯಾದೆ. ಮಿಸ್ ಲೂ ಕವಿತೆಗಳಲ್ಲೂ ಸಾಮಾನ್ಯ ಜನರಿಗೆ ಸಿಕ್ಕಿದ್ದು ಅದೇ ಮರ್ಯಾದೆ.

ಆಫ್ರಿಕಾದಿಂದ ಗುಲಾಮರಾಗಿ ಬಂದವರು ಇಂಗ್ಲಿಷ್ ಪದಗಳಿಗೆ ತಮ್ಮ ನುಡಿಗಳ ಜಾಯಮಾನ ಬೆರೆಸಿ ಕಟ್ಟಿಕೊಂಡ ಭಾಷೆ ಪಾಟ್ವಾ. ಮನೆ, ಸಂತೆ, ಬೀದಿಗಳಲ್ಲೆಲ್ಲ ಅದೇ ಮಾತು; ಓದಿದವರ ಪಾಲಿಗೆ ಮಾತ್ರ ಅದು ಕೆಟ್ಟ ಇಂಗ್ಲಿಷ್. ಆ ಮಾತಿನಲ್ಲೇ ಬರೆದ ಮಿಸ್ ಲೂ ಅವರ ಮೊದಲ ಸಂಕಲನ 1942ರಲ್ಲಿ ಬಂತು. ಮರುವರ್ಷದಿಂದ ‘ಗ್ಲೀನರ್’ ಪತ್ರಿಕೆಯಲ್ಲಿ ಅವರ ಪದ್ಯಗಳು ಭಾನುವಾರದ ಓದಾದವು. 1945ರಲ್ಲಿ ಬ್ರಿಟಿಷ್ ಕೌನ್ಸಿಲ್ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ನಟನೆ ಕಲಿತರು. ಬಿಬಿಸಿಯಲ್ಲಿ ಕಾರ್ಯಕ್ರಮ ನಡೆಸಿಕೊಟ್ಟರು.

ಜನ ಮೆಚ್ಚಿದರೂ ಪಂಡಿತರು ಒಪ್ಪಲು ತಡಮಾಡಿದರು. ಸ್ವಾತಂತ್ರ್ಯದ ವರ್ಷವಾದ 1962ರಲ್ಲಿ ಪ್ರಕಟವಾದ ಜಮೈಕಾದ ಸಾಹಿತ್ಯ ಸಂಕಲನ ಅವರನ್ನು ಕವಿಗಳ ಪಂಕ್ತಿಯಿಂದ ಹೊರಗಿಟ್ಟು, ಕೊನೆಗೆ ‘ಇತರೆ’ ಎಂಬ ವಿಭಾಗದಲ್ಲಿ ಕೂರಿಸಿತು. ಮರ್ವಿನ್ ಮಾರಿಸ್ ಎಂಬ ಕವಿ, ವಿಮರ್ಶಕ ಇವರನ್ನು ಗಂಭೀರವಾಗಿ ಓದಬೇಕೆಂದು ವಾದಿಸಿದ್ದು ಆ ದಿನಗಳಲ್ಲೇ. 1966ರಲ್ಲಿ ‘ಜಮೈಕಾ ಲಾಬ್ರಿಷ್’ ಸಂಕಲನ ಬಂತು.

ರೇಡಿಯೊದಲ್ಲಿ ಆಂಟಿ ರೋಚಿ ಎಂಬ ಪಾತ್ರದ ಹೆಸರಿನಲ್ಲಿ ಅವರು ಮಂಡಿಸಿದ ತರ್ಕ ಇಂದಿಗೂ ಗಟ್ಟಿ. ಇಂಗ್ಲಿಷ್ ಕೂಡ ಲ್ಯಾಟಿನ್, ಫ್ರೆಂಚ್ ಮುಂತಾದ ನುಡಿಗಳಿಂದ ಎರವಲು ತಂದು ಬೆಳೆದದ್ದೇ. ಅದರದ್ದು ಬೆಳವಣಿಗೆ, ನಮ್ಮದು ಮಾತ್ರ ಅಪಭ್ರಂಶ ಹೇಗಾದೀತು ಎಂಬುದು ಆಂಟಿಯ ಪ್ರಶ್ನೆ. 1970ರಲ್ಲಿ ಶುರುವಾದ ‘ರಿಂಗ್ ಡಿಂಗ್’ ಎಂಬ ಟಿವಿ ಕಾರ್ಯಕ್ರಮದಲ್ಲಿ, ತಲೆಗೆ ವಸ್ತ್ರ ಸುತ್ತಿಕೊಂಡು ಮಕ್ಕಳ ನಡುವೆ ಹಾಡುತ್ತ, ಕಥೆ ಹೇಳುತ್ತ ಹನ್ನೆರಡು ವರ್ಷ ಕಾಲ ಒಂದು ತಲೆಮಾರಿನ ನಾಲಿಗೆಗೆ ಧೈರ್ಯ ತುಂಬಿದರು.

ಕೊನೆಯ ವರ್ಷಗಳನ್ನು ಕೆನಡಾದಲ್ಲಿ ಕಳೆದ ಅವರು ತೀರಿಕೊಂಡದ್ದು 2006ರ ಜುಲೈ 26ರಂದು. ದೇಶ ಅವರನ್ನು ತವರಿಗೆ ಕರೆತಂದು ಕಿಂಗ್‌ಸ್ಟನ್ನಿನ ರಾಷ್ಟ್ರವೀರರ ಉದ್ಯಾನದಲ್ಲಿ ಮಣ್ಣು ಮಾಡಿತು. ಒಮ್ಮೆ ಕೆಟ್ಟ ಇಂಗ್ಲಿಷ್ ಎನಿಸಿಕೊಂಡಿದ್ದ ಪಾಟ್ವಾದಲ್ಲಿ 2012ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯೇ ಅಚ್ಚಾಯಿತು. ರೆಗೆ ಸಂಗೀತದ ಲಯಕ್ಕೆ ಕವಿತೆ ನುಡಿಸುವ ಲಿಂಟನ್ ಕ್ವೆಸಿ ಜಾನ್ಸನ್ ಅವರಂಥ ಡಬ್ ಕವಿಗಳು ತಮ್ಮ ನೆಲದ ಮಾತಿನಲ್ಲಿ ಅಳುಕಿಲ್ಲದೆ ಬರೆದರೆ, ಆ ದಾರಿಯನ್ನು ಅವರಿಗಿಂತ ಮೊದಲೇ ಸವೆಸಿದವರು ಮಿಸ್ ಲೂ. ಅವರ ದನಿಮುದ್ರಿಕೆಗಳು ಈಗಲೂ ಸಿಗುತ್ತವೆ. ಪುಸ್ತಕ ತೆರೆಯುವ ಮೊದಲು ಅವನ್ನು ಕೇಳಿ. ಅವರ ಕವಿತೆ ಹುಟ್ಟಿದ್ದೇ ಕಿವಿಗಾಗಿ.