ಬೇವಿನೆಲೆಯಂಥ ಹುಳು

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೆರೆಯಂಗಳದಲ್ಲಿ ಮೇದ ಕುರಿಯ ಈಲಿ ಕೊಯ್ಯುವಾಗ ಒಮ್ಮೊಮ್ಮೆ ಪಿತ್ತನಾಳದಿಂದ ಒಣಗಿದ ಬೇವಿನೆಲೆಯಂಥದ್ದು ಜಾರಿ ಬೀಳುತ್ತದೆ. ಮಾಸಲು ಕಂದು ಬಣ್ಣ, ಉದ್ದ 3ರಿಂದ 7 ಸೆಂ.ಮೀ. ನೋಡುತ್ತಿದ್ದಂತೆ ಅಂಚು ಮಡಚಿಕೊಂಡು ಮಿಸುಕುತ್ತದೆ. ಎಲೆಯಲ್ಲ, ಹುಳು. ಹೆಸರು ಫ್ಯಾಸಿಯೋಲ ಜೈಗಾಂಟಿಕ.

ಇಷ್ಟೊಂದು ಚಪ್ಪಟೆ ಏಕೆ? ಇದಕ್ಕೆ ರಕ್ತವಿಲ್ಲ, ಹೃದಯವಿಲ್ಲ. ತಿಂದದ್ದನ್ನು ಮೈಯ ಮೂಲೆಮೂಲೆಗೆ ಹೊತ್ತೊಯ್ಯುವವರಿಲ್ಲ. ಹಾಗಾಗಿ ಕರುಳೇ ಮರದ ಕೊಂಬೆಯಂತೆ ಕವಲೊಡೆದು ಎಲ್ಲ ಕಡೆ ಹೋಗಿದೆ. ಮೈ ದಪ್ಪಗಾದರೆ ನಡುವಿನ ಜೀವಕೋಶ ಉಪವಾಸ! ಮಲದ್ವಾರವೂ ಇಲ್ಲ, ಉಂಡ ಬಾಯಿಂದಲೇ ಉಗಿಯಬೇಕು.

ಇದೇ ನಕ್ಷೆಯ ನೆಂಟರು ಬಿಸಿಲುನಾಡಿನ ಸಮುದ್ರಗಳ ಹವಳದ ದಿಬ್ಬಗಳಲ್ಲಿದ್ದಾರೆ. ಅವರ ಠೀವಿಯೇ ಬೇರೆ. ರೇಷ್ಮೆ ಸೆರಗಿನಂತೆ ಅಂಚು ಅಲೆಯಾಡಿಸುತ್ತ ಈಜುತ್ತಾರೆ. ನೀಲಿ, ಕಿತ್ತಳೆ, ಹಳದಿ ಪಟ್ಟೆಗಳು ಬೇರೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಆದರೆ ಮೊಟ್ಟೆ ಹೊರುವ ಖರ್ಚು ಯಾರಿಗೂ ಬೇಡ. ಸೂಡೊಸೆರಾಸ್ ಬೈಫರ್ಕಸ್ ಎಂಬ ಜಾತಿಯ ಎರಡು ಹುಳುಗಳು ಎದುರಾದರೆ ಶಿಶ್ನವನ್ನೇ ಕತ್ತಿಯಾಗಿ ಹಿರಿದು ಒಂದನ್ನೊಂದು ಚುಚ್ಚಲು ನೋಡುತ್ತವೆ. ಕಾದಾಟ ಒಂದು ಗಂಟೆಯವರೆಗೂ ನಡೆದೀತು. ಚುಚ್ಚಿಸಿಕೊಂಡದ್ದು ತಾಯಿ. ವಿಜ್ಞಾನಿಗಳಾದ ಮಿಖೀಲ್ಸ್ ಮತ್ತು ನ್ಯೂಮನ್ ಇದನ್ನು 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು.

ನಮ್ಮ ಕೆರೆಯ ಹುಳುವೂ ಗಂಡು ಹೆಣ್ಣು ಎರಡೂ ಆಗಿರುವಂಥದ್ದೇ, ಆದರೆ ಅದರ ಜಾಣತನವೆಲ್ಲ ಪ್ರಯಾಣದಲ್ಲಿದೆ. ಮೊಟ್ಟೆ ಹಿಕ್ಕೆಯ ಜೊತೆ ಹೊರಬಿದ್ದು ನೀರು ಸೇರಬೇಕು. ಒಡೆದು ಬಂದ ಮರಿ ಬಸವನಹುಳುವನ್ನು (ಅದು ಹುಳುವಲ್ಲ, ಹೆಸರಷ್ಟೆ) ಕೊರೆದು ಒಳಹೋಗುತ್ತದೆ. ಒಳಗೆ ಹೋದದ್ದು ಒಂದು. ಹೊರಗೆ ಬರುವುದು ನೂರಾರು. ಅವು ಬಾಲ ಬಡಿದು ಈಜಿ, ನೀರಂಚಿನ ಹುಲ್ಲಿಗೆ ಅಂಟಿ, ಬಾಲ ಕಳಚಿ, ಸುತ್ತ ಗೂಡು ಕಟ್ಟಿಕೊಂಡು ಕಾಯುತ್ತವೆ. ಕುರಿ ಬಂದು ಮೇಯುತ್ತದೆ. ಗೂಡಿನಿಂದ ಹೊರಬಂದ ಮರಿ ಕರುಳು ತೂತು ಮಾಡಿ ಈಲಿಗೆ ನುಗ್ಗಿ, ವಾರಗಟ್ಟಲೆ ಅದನ್ನು ಮೇದು, ಕೊನೆಗೆ ಪಿತ್ತನಾಳದಲ್ಲಿ ಬಿಡಾರ ಹೂಡುತ್ತದೆ.

ಅಂದರೆ ಇದಕ್ಕೆ ಕೆರೆಯಲ್ಲಿ ನೀರಿರಬೇಕು. ಕೋಲಾರದಲ್ಲಿ ಬರಿದಾಗಿದ್ದ ಎಷ್ಟೋ ಕೆರೆಗಳು 2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ನೀರು ಕಂಡಿವೆ. ನೀರು ಬಂದಲ್ಲಿ ಬಸವನಹುಳು, ಅಂಚಿಗೆ ಹಸಿರು ಹುಲ್ಲು, ಹುಲ್ಲಿಗೆ ಕುರಿ. ಕುರಿಯ ಗದ್ದದಡಿ ನೀರು ತುಂಬಿದ ಚೀಲ ಜೋತುಬಿದ್ದರೆ ಪಶುವೈದ್ಯರು ಮೊದಲು ಅನುಮಾನಿಸುವವುಗಳಲ್ಲಿ ಈ ಹುಳುವೂ ಒಂದು. ಔಷಧಿ ಇದೆ. ಜೊತೆಗೆ ಕೆರೆಗೆ ಬಾತುಕೋಳಿ ಬಿಟ್ಟರೆ ಅವು ಬಸವನಹುಳುಗಳನ್ನು ಚಪ್ಪರಿಸಿ ತಿನ್ನುತ್ತವೆ.