ಬಿಡಿಬಿಡಿಯಾಗಿ ಮಾಯವಾಗುವ ಸೈಕಲ್ಲು

ಸೈಕಲ್ ಕದಿಯುವವನಿಗೆ ಇಡೀ ಸೈಕಲ್ಲೇ ಬೇಕೆಂದೇನಿಲ್ಲ. ಸಹಕಾರನಗರದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ, ಯಶವಂತಪುರದ ಮೆಟ್ರೊ ಕಂಬಗಳ ಬುಡದಲ್ಲಿ, ಆರ್.ಟಿ. ನಗರದ ಪಿಜಿಗಳ ಮೆಟ್ಟಿಲ ಕೆಳಗೆ ಕಣ್ಣಾಡಿಸಿದರೆ ಗೊತ್ತಾಗುತ್ತದೆ: ಬೀಗ ಹಾಕಿದ್ದು ಹಾಕಿದಂತೆಯೇ ಇರುತ್ತದೆ, ಮುಂದಿನ ಚಕ್ರ ಇರುವುದಿಲ್ಲ. ಇಲ್ಲವೇ ಸೀಟು ಹೋಗಿ ಬರೀ ಕೊಳವೆ ನಿಂತಿರುತ್ತದೆ. ಇಡೀ ಸೈಕಲ್ ಹೋದರೂ ಅದು ಇಡಿಯಾಗಿ ಉಳಿಯುವ ಕಾಲ ಕಡಿಮೆ. ಚಕ್ರ ಒಂದು ಕಡೆ, ಗೇರು ಇನ್ನೊಂದು ಕಡೆ, ಫ್ರೇಮು ಮತ್ತೊಂದು ಕಡೆ ಸೇರಿದ ಮೇಲೆ ಅದು ಯಾರ ಸೈಕಲ್ಲೆಂದು ಸಾಧಿಸುವುದು ಮಾಲೀಕನಿಗೂ ಕಷ್ಟ.

ಉತ್ತರ ಬೆಂಗಳೂರಿಗೂ ಸೈಕಲ್ಲಿಗೂ ಹಳೆಯ ನಂಟಿದೆ. 1950ರ ದಶಕದ ಮೊದಲರ್ಧದಲ್ಲಿ ಜಾಲಹಳ್ಳಿಯ ಬಳಿ ಎಚ್‌ಎಂಟಿ, ಬಿಇಎಲ್ ಶುರುವಾದಾಗ ಕಾರ್ಮಿಕರು ಪಾಳಿಗೆ ಬರುತ್ತಿದ್ದದ್ದು ಬಹುಪಾಲು ಸೈಕಲ್ಲಿನಲ್ಲೇ. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ, ಯಶವಂತಪುರದ ಎಪಿಎಂಸಿ ಯಾರ್ಡಿಗೆ ಇವತ್ತಿಗೂ ಪೆಡಲ್ ತುಳಿದುಕೊಂಡೇ ಬರುವವರಿದ್ದಾರೆ. ಸೆಕ್ಯುರಿಟಿ ಗಾರ್ಡುಗಳು, ಪೇಪರ್ ಹಾಕುವ ಹುಡುಗರು, ಹೆಬ್ಬಾಳದ ಸುತ್ತಲಿನ ಕಟ್ಟಡ ಕೆಲಸದವರು ಇದೇ ಗುಂಪಿನವರು. ಇವರ ಸೈಕಲ್ಲುಗಳು ಹಳೆಯವು, ಎಷ್ಟೋ ಬಾರಿ ಎರಡನೇ ಕೈಯವು, ಬಿಲ್ಲಿಲ್ಲದವು. ಭಾನುವಾರ ಬೆಳಗಿನ ಜಾವ ಬೇರೆಯೇ ಸವಾರರು ಕಾಣುತ್ತಾರೆ. ಹೆಬ್ಬಾಳದ ಮೇಲ್ಸೇತುವೆ ದಾಟಿ, ಬಳ್ಳಾರಿ ರಸ್ತೆ ಹಿಡಿದು, ಯಲಹಂಕ, ದೇವನಹಳ್ಳಿ ಮಾರ್ಗವಾಗಿ ನಂದಿ ಬೆಟ್ಟದ ಕಡೆಗೆ ಹೆಲ್ಮೆಟ್ ತೊಟ್ಟವರ ತಂಡಗಳು ಸಾಗುತ್ತವೆ. ಅವರ ಒಂದೊಂದು ಸೈಕಲ್ಲಿನ ಬೆಲೆಗೆ ಒಂದು ಸ್ಕೂಟರ್ ಬಂದೀತು. ಕಳ್ಳನ ಕಣ್ಣು ಎರಡೂ ಬಗೆಯ ಸೈಕಲ್ಲಿನ ಮೇಲಿದೆ, ಆದರೆ ಅವು ಹೋಗಿ ಸೇರುವ ದಾರಿ ಬೇರೆ ಬೇರೆ.

ಹಳೆಯ ಉಕ್ಕಿನ ಸೈಕಲ್ ಸುಮಾರು ಇಪ್ಪತ್ತು ಕಿಲೊ ತೂಗುತ್ತದೆ. ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದರೆ ಕೆಲವು ನೂರು ರೂಪಾಯಿ ಸಿಗಬಹುದು, ಅಷ್ಟೇ. ಬಿಡಿಭಾಗವಾಗಿ ಮಾರಿದರೆ ಹೆಚ್ಚು. ಲೂಧಿಯಾನದಿಂದ ದೇಶಕ್ಕೆಲ್ಲ ಬರುವ ರಿಮ್ಮು, ಹಬ್ಬು, ಫೋರ್ಕು, ಫ್ರೀವೀಲುಗಳ ಅಳತೆ ಹೆಚ್ಚುಕಡಿಮೆ ಒಂದೇ. ಒಂದು ಕಂಪನಿಯ ಸೈಕಲ್ಲಿನ ಚಕ್ರ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಬಡವನ ಸೈಕಲ್ಲನ್ನು ಹತ್ತಾರು ವರ್ಷ ಓಡಿಸಿದ ಗುಣ ಇದು, ಕದ್ದ ಮಾಲಿಗೆ ಗಿರಾಕಿ ಹುಟ್ಟಿಸುವುದೂ ಇದೇ.

ಗೇರ್ ಸೈಕಲ್ಲಿನಲ್ಲಿ ಲಾಭ ಇರುವುದೇ ಬಿಡಿಭಾಗದಲ್ಲಿ. ಗೇರು ಬದಲಿಸುವ ಡಿರೇಲರ್, ಹಿಂಬದಿಯ ಹಲ್ಲುಚಕ್ರಗಳ ಕ್ಯಾಸೆಟ್ಟು, ಡಿಸ್ಕ್ ಬ್ರೇಕು, ಕ್ರ್ಯಾಂಕು ಇವೆಲ್ಲ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು, ಆದರೆ ಹೊಸದು ಕೊಳ್ಳಲು ಹೋದರೆ ಸಾವಿರಗಟ್ಟಲೆ ಬೀಳುತ್ತದೆ. ಒಂದು ಅಲೆನ್ ಕೀ ಸೆಟ್ಟಿದ್ದರೆ ಬಹುಪಾಲು ಬಿಚ್ಚಬಹುದು. ಚಕ್ರಕ್ಕೆ ಅದೂ ಬೇಡ. ಇಟಲಿಯ ತುಲ್ಲಿಯೊ ಕಂಪಾನ್ಯೋಲೊ 1930ರ ಸುಮಾರಿಗೆ ರೇಸಿನವರಿಗಾಗಿ ರೂಪಿಸಿದ ಕ್ವಿಕ್ ರಿಲೀಸ್ ಸನ್ನೆ ಈಗ ಸಾಧಾರಣ ಗೇರ್ ಸೈಕಲ್ಲಿಗೂ ಬಂದಿದೆ. ಸನ್ನೆ ಎತ್ತಿ, ನಾಲ್ಕು ಸುತ್ತು ತಿರುಗಿಸಿದರೆ ಚಕ್ರ ಕೈಗೆ ಬರುತ್ತದೆ. ದಾರಿಹೋಕರ ಕಣ್ಣಿಗೆ ಕಳ್ಳ ಪಂಕ್ಚರ್ ಹಾಕಿಸಲು ಹೊರಟವನಂತೆಯೇ ಕಾಣುತ್ತಾನೆ.

ಕದ್ದದ್ದನ್ನು ಕೊಳ್ಳುವವರು ಯಾರು? ಗುಜರಿ ಅಂಗಡಿಯವರನ್ನೂ ಸೈಕಲ್ ರಿಪೇರಿಯವರನ್ನೂ ಸಾರಾಸಗಟಾಗಿ ಅನುಮಾನಿಸುವುದು ಅನ್ಯಾಯ. ಹಳೆಯ ಸೈಕಲ್ಲುಗಳಿಗೆ ಮರುಜೀವ ಕೊಟ್ಟು, ಕಡಿಮೆ ದುಡ್ಡಿನವರಿಗೂ ಸವಾರಿ ಎಟಕುವಂತೆ ಮಾಡಿದವರೇ ಅವರು. ತೊಡಕಿರುವುದು ವ್ಯಾಪಾರದ ರೀತಿಯಲ್ಲಿ. ಮಾಲು ಬರುತ್ತದೆ, ತೂಗುತ್ತದೆ, ನಗದು ಕೈ ಬದಲಾಗುತ್ತದೆ. ತಂದವನ ಹೆಸರು ಬರೆದುಕೊಳ್ಳುವ ರೂಢಿಯಿಲ್ಲ. ಸಂಜೆಯೊಳಗೆ ಸರಕು ದೊಡ್ಡ ಗುಜರಿಗೆ ಸಾಗಿದರೆ ಜಾಡು ಮುಗಿಯಿತು. 2022ರಲ್ಲಿ ಅಶೋಕನಗರ ಪೊಲೀಸರು ಬಂಧಿಸಿದ ದಂಪತಿಯ ಪ್ರಕರಣ ಇದಕ್ಕೊಂದು ಉದಾಹರಣೆ. ಅವರು ಕದ್ದದ್ದು ಸೈಕಲ್ಲಲ್ಲ, ನಗರದ ಟ್ರಾಫಿಕ್ ಸಿಗ್ನಲ್‌ಗಳ ಬ್ಯಾಟರಿ. ಸ್ಕೂಟರಿನಲ್ಲಿ ಓಡಾಡಿ ಒಂದೊಂದಾಗಿ ಸುಮಾರು 230 ಬ್ಯಾಟರಿ ಎತ್ತಿದ್ದರು, ಕಿಲೊ ಲೆಕ್ಕಕ್ಕೆ ಮಾರಿದ್ದರು. ಸರ್ಕಾರದ ಅಷ್ಟೊಂದು ಬ್ಯಾಟರಿಯನ್ನು ತಿಂಗಳುಗಟ್ಟಲೆ ನಗರದ ಗುಜರಿ ಜಾಲ ನುಂಗಿಕೊಂಡಿತೆಂದರೆ, ಹೆಸರಿಲ್ಲದ ಒಂದು ಸೈಕಲ್ ಚಕ್ರ ಕರಗಿಹೋಗುವುದರಲ್ಲಿ ಆಶ್ಚರ್ಯವೇನಿದೆ?

ಬೆಂಗಳೂರಿಗಷ್ಟೇ ಅಂಟಿದ ರೋಗ ಇದಲ್ಲ. ವಿಟೋರಿಯೊ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರದಲ್ಲಿ ಸೈಕಲ್ ಕಳೆದುಕೊಂಡ ರೋಮಿನ ಕೂಲಿಯೊಬ್ಬ ಗೆಳೆಯರನ್ನು ಕಟ್ಟಿಕೊಂಡು ಸಂತೆಗೆ ಹೋಗುತ್ತಾನೆ. ಅಲ್ಲಿ ಅವರು ಹುಡುಕುವುದು ಸೈಕಲ್ಲನ್ನಲ್ಲ, ಬಿಡಿಭಾಗಗಳನ್ನು. ಒಬ್ಬ ಟೈರುಗಳ ರಾಶಿಯ ಮುಂದೆ, ಇನ್ನೊಬ್ಬ ಫ್ರೇಮುಗಳ ಮುಂದೆ, ಪುಟ್ಟ ಮಗ ಬೆಲ್ಲು, ಪಂಪುಗಳ ಮುಂದೆ. ಸೈಕಲ್ ಇಲ್ಲದಿದ್ದರೆ ಆ ಮನುಷ್ಯನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸವೇ ಇಲ್ಲ. ಪೀಣ್ಯದ ರಾತ್ರಿ ಪಾಳಿ ಮುಗಿಸಿ ಹೊರಬಂದು ಸ್ಟ್ಯಾಂಡ್ ಖಾಲಿ ಇರುವುದನ್ನು ಕಂಡವನ ಪಾಡೂ ಅಷ್ಟೇ. ಅವನು ಕಳೆದುಕೊಂಡದ್ದು ಒಂದು ವಸ್ತುವನ್ನಲ್ಲ, ನಾಳೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವ ದಾರಿಯನ್ನು.

ಹಾಗಿದ್ದರೂ ಕಾನೂನು ಅಳೆಯುವುದು ಬೆಲೆಯನ್ನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳ್ಳತನಕ್ಕೆ ಮೂರು ವರ್ಷಗಳವರೆಗೆ ಜೈಲು. ಆದರೆ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಆರೋಪಿಗೆ ಅದೇ ಮೊದಲ ಶಿಕ್ಷೆಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಹಸಿದು ಕದ್ದವನನ್ನು ಜೈಲಿಗೆ ತಳ್ಳಬಾರದೆಂಬ ಕಾಳಜಿ ಇದರಲ್ಲಿದೆ, ಅದು ಒಳ್ಳೆಯದೇ. ಕಷ್ಟ ಇರುವುದು ಅದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ. 5,000ದ ಒಳಗಿನ ಇಂಥ ಕಳ್ಳತನವನ್ನು ಅದು ಅಸಂಜ್ಞೇಯ ಅಪರಾಧವೆಂದು ಗುರುತಿಸಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಠಾಣೆಯಲ್ಲಿ ದೂರನ್ನು ಬರೆದುಕೊಂಡು, ದೂರುದಾರನನ್ನು ನ್ಯಾಯಾಲಯದತ್ತ ಕಳಿಸುತ್ತಾರೆ.

ಐದು ವರ್ಷ ತುಳಿದ ಕರಿ ಸೈಕಲ್ಲಿಗೆ ಐದು ಸಾವಿರ ಬೆಲೆ ಯಾರು ಕಟ್ಟುತ್ತಾರೆ? ನಂದಿ ಬೆಟ್ಟಕ್ಕೆ ಹೋಗುವ ಸೈಕಲ್ ಹೋದರೆ ಎಫ್‌ಐಆರ್ ಆಗುತ್ತದೆ, ಕೆಲಸಕ್ಕೆ ಹೋಗುವ ಸೈಕಲ್ ಹೋದರೆ ತನಿಖೆಯೇ ಶುರುವಾಗದೆ ಉಳಿಯಬಹುದು. ಈ ಗೆರೆಯನ್ನು ಶಾಸಕರೂ ವಕೀಲರೂ ಮತ್ತೆ ಚರ್ಚೆಗೆ ತರಲೇಬೇಕು. ಈಗಿನ ಕಾನೂನಿನಲ್ಲಿ ಒಂದು ಆಸರೆಯೂ ಇದೆ: ವಾಸದ ಮನೆಯೊಳಗಿಂದ ಅಥವಾ ಸ್ವತ್ತು ಇಡುವ ಕಟ್ಟಡದೊಳಗಿಂದ ಕದ್ದರೆ ಅನ್ವಯಿಸುವುದು ನ್ಯಾಯ ಸಂಹಿತೆಯ 305ನೇ ಕಲಂ. ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ, 5,000ದ ಗೆರೆ ಇಲ್ಲ. ಆದ್ದರಿಂದ ಸೈಕಲ್ ಎಲ್ಲಿಂದ ಹೋಯಿತು, ಕಾಂಪೌಂಡಿನ ಹೊರಗಿಂದಲೋ ಕಟ್ಟಡದ ಒಳಗಿಂದಲೋ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯುವುದು ಮುಖ್ಯ.

ಹಿಂದೆ ಪುರಸಭೆ, ನಗರಸಭೆಗಳು ಸೈಕಲ್ಲಿಗೆ ತೆರಿಗೆ ಕಟ್ಟಿಸಿಕೊಂಡು ಲೋಹದ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆ ಇಲ್ಲದ ಸೈಕಲ್ ಹಿಡಿದರೆ ದಂಡ. ಆ ಪದ್ಧತಿ ನಿಂತಿತು, ಬದಲಿಗೆ ಬೇರೆ ಗುರುತು ಬರಲಿಲ್ಲ. ಸೈಕಲ್ಲು ಮೋಟಾರು ವಾಹನವಲ್ಲ, ಹಾಗಾಗಿ ಆರ್‌ಟಿಒ ನೋಂದಣಿಯಿಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ವೇಗ ಮೀರದ ಬ್ಯಾಟರಿ ಸೈಕಲ್ಲುಗಳಿಗೂ ನಂಬರ್ ಪ್ಲೇಟ್ ಬೇಕಿಲ್ಲ. ಬ್ಯಾಟರಿಯೇ ದುಬಾರಿಯಾದ ಆ ಸೈಕಲ್ಲುಗಳು ಹೆಚ್ಚಿದಂತೆ ಕಳ್ಳರ ಆಸೆಯೂ ಹೆಚ್ಚುತ್ತದೆ.

ಗುರುತು ಇಲ್ಲವೇ ಇಲ್ಲ ಎಂದಲ್ಲ. ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲ್‌ಗಳ ನಡುವಿನ ದಪ್ಪ ಕೊಳವೆಯ ಅಡಿ ಒರೆಸಿ ನೋಡಿದರೆ ಸಾಮಾನ್ಯವಾಗಿ ಒಂದು ಸಂಖ್ಯೆ ಕೊರೆದಿರುತ್ತದೆ. ಅದೇ ಫ್ರೇಮ್ ನಂಬರ್. ಮೊಬೈಲಿನ ಐಎಂಇಐ ಸಂಖ್ಯೆಗೆ 2023ರ ಮೇ ತಿಂಗಳಲ್ಲಿ ದೇಶದಾದ್ಯಂತ ಸಿಇಐಆರ್ ವ್ಯವಸ್ಥೆ ಬಂತು. ಆ ಸಂಖ್ಯೆಯ ಮೂಲಕ ಕಳುವಾದ ಫೋನುಗಳನ್ನು ಪತ್ತೆಹಚ್ಚಿ ಪೊಲೀಸರು ಹಿಂದಿರುಗಿಸುತ್ತಿದ್ದಾರೆ. ಫ್ರೇಮ್ ನಂಬರಿಗೆ ಅಂಥದ್ದೊಂದು ರಿಜಿಸ್ಟರು ನಮ್ಮಲ್ಲಿಲ್ಲ. ಜಪಾನಿನಲ್ಲಿ 1994ರಿಂದ ಸೈಕಲ್ ಕೊಂಡವರು ನೋಂದಣಿ ಮಾಡಿಸುವುದು ಕಡ್ಡಾಯ, ಅಂಗಡಿಯಲ್ಲೇ ಅಲ್ಪ ಶುಲ್ಕಕ್ಕೆ ಕೆಲಸ ಮುಗಿಯುತ್ತದೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಅಂಗಡಿಗಳು ಮಾರುವ ಹೊಸ ಸೈಕಲ್ಲಿಗೆ, ಅದೇ ಜುಲೈಯಿಂದ ಅವು ಮಾರುವ ಹಳೆಯ ಸೈಕಲ್ಲಿಗೂ ಗುರುತು ಕೆತ್ತಿಸಲೇಬೇಕು. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಲಕ್ಷಲಕ್ಷ ಸೈಕಲ್ ಹಂಚಿದ ರಾಜ್ಯ ಕರ್ನಾಟಕ. ಸಂಖ್ಯೆಗಳ ಒಂದು ಪಟ್ಟಿ ನಿರ್ವಹಿಸುವುದು ಈ ಸರ್ಕಾರಕ್ಕೆ ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಜವಾಬ್ದಾರಿ ಮಾಲೀಕರ ಮೇಲೇ ಬೀಳುತ್ತದೆ. ಅಂಗಡಿಯವರು ಉಚಿತವಾಗಿ ಕೊಡುವ ತೆಳು ಕೇಬಲ್ ಬೀಗವನ್ನು ಸಾಧಾರಣ ಕಟರ್ ಕ್ಷಣದಲ್ಲಿ ತುಂಡರಿಸುತ್ತದೆ. ಗಟ್ಟಿ ಉಕ್ಕಿನ ಯು-ಲಾಕ್ ವಾಸಿ. ಅದನ್ನೂ ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ ಚಕ್ರವೊಂದೇ ಉಳಿದೀತು. ಹಿಂದಿನ ಚಕ್ರ, ಫ್ರೇಮು, ನೆಲಕ್ಕೆ ನೆಟ್ಟ ಕಂಬ ಮೂರನ್ನೂ ಸೇರಿಸಿ ಬಿಗಿಯಬೇಕು, ಏಕೆಂದರೆ ಬೆಲೆಬಾಳುವ ಕ್ಯಾಸೆಟ್ಟು ಇರುವುದು ಹಿಂದಿನ ಚಕ್ರದಲ್ಲಿ. ಕ್ವಿಕ್ ರಿಲೀಸ್ ಸನ್ನೆಯ ಜಾಗಕ್ಕೆ ಬೋಲ್ಟಿನ ಅಚ್ಚು ಹಾಕಿಸಿಕೊಳ್ಳಬಹುದು. ಮಡಚುವ ಸೈಕಲ್ಲಾದರೆ ನಮ್ಮ ಮೆಟ್ರೊದಲ್ಲಿ ಜೊತೆಗೇ ಒಯ್ಯಲು 2022ರಿಂದ ಅವಕಾಶವಿದೆ, ನಿಲ್ದಾಣದ ಹೊರಗೆ ಬಿಟ್ಟುಹೋಗುವ ಆತಂಕವೇ ಇಲ್ಲ.

ಹಳೆಯ ಸೈಕಲ್ ಕೊಳ್ಳುವವರಿಗೂ ಒಂದು ಮಾತು. ಕದ್ದದ್ದೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ದುರುದ್ದೇಶದಿಂದ ಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಂ ಅಡಿ ಮೂರು ವರ್ಷದವರೆಗೆ ಜೈಲು. ಅದನ್ನೇ ದಂಧೆ ಮಾಡಿಕೊಂಡವರಿಗೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದು. ನಲವತ್ತು ಸಾವಿರದ ಸೈಕಲ್ಲನ್ನು ನಾಲ್ಕು ಸಾವಿರಕ್ಕೆ ಕೊಡುತ್ತೇನೆ ಎಂದವನ ಹತ್ತಿರ ಬಿಲ್ಲು ಕೇಳಬೇಕು. ಬಿಲ್ಲಿಲ್ಲದಿದ್ದರೆ ಮಾರುವವನ ಹೆಸರು, ಫ್ರೇಮ್ ನಂಬರು, ಸಹಿ ಇರುವ ಒಂದು ಚೀಟಿಯಾದರೂ ಬೇಕು.

ಕಳುವಾದ ಸೈಕಲ್ ಪೊಲೀಸರಿಗೆ ಸಿಕ್ಕರೂ ಮನೆ ಸೇರುತ್ತದೆಂಬ ಖಾತರಿಯಿಲ್ಲ. ಜಪ್ತಿಯಾದ ವಾಹನಗಳನ್ನು ಠಾಣೆಯಂಗಳದಲ್ಲಿ ತುಕ್ಕು ಹಿಡಿಸಬಾರದು, ಬಾಂಡ್ ಬರೆಸಿಕೊಂಡು ಬೇಗ ಬಿಟ್ಟುಕೊಡಬೇಕು ಎಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆದರೆ ಸೈಕಲ್ ತನ್ನದೆಂದು ಹಕ್ಕುದಾರ ತೋರಿಸಿಕೊಡಬೇಕಲ್ಲ. ಬಣ್ಣ ಬಳಿದ, ಚಕ್ರ ಬದಲಾದ ಸೈಕಲ್ಲುಗಳ ಸಾಲಿನಲ್ಲಿ ‘ಅದೇ ನನ್ನದು ಸಾರ್’ ಎಂದು ಬೆರಳು ತೋರಿಸಿದರೆ ಸಾಲದು. ಮೊಬೈಲಿನಲ್ಲಿ ಫ್ರೇಮ್ ನಂಬರಿನ ಒಂದು ಫೋಟೊ, ಬಿಲ್ಲಿನ ಒಂದು ಫೋಟೊ ಇದ್ದವರ ಕೆಲಸ ಅಲ್ಲಿ ಸಲೀಸು. ಮಾಲೀಕರು ಯಾರೆಂದು ತಿಳಿಯದ ಸೊತ್ತಿನ ಬಗ್ಗೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸುತ್ತಾರೆ. ಆರು ತಿಂಗಳೊಳಗೆ ಯಾರೂ ಹಕ್ಕು ಸಾಧಿಸದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ, ಸರ್ಕಾರ ಅದನ್ನು ಮಾರಬಹುದು.